ಮುದುಕಿ ತಂದ ಪೈಪಿನ ಹಲ್ಲುಗುರುತು

"ಬಿರುಕು ಮಾತ್ರ ಮುಚ್ಚು. ಹಲ್ಲಿನ ಗುರುತು ಮುಟ್ಟಬೇಡಪ್ಪಾ," ಎಂದಳು ಮುದುಕಿ.

ಅವಳು ರಿಪೇರಿಯವನ ಮೇಜಿನ ಮೇಲಿಟ್ಟದ್ದು ಸತ್ತ ತಮ್ಮನ ತಂಬಾಕಿನ ಪೈಪು. ಬಾಯಿಗಿಡುವ ಕಪ್ಪು ರಬ್ಬರಿನ ತುದಿಯಲ್ಲಿ ಮೇಲೆ ನಾಲ್ಕು, ಕೆಳಗೆ ನಾಲ್ಕು ಆಳವಾದ ಕುಳಿ. ಕೂದಲೆಳೆಯಂಥ ಬಿರುಕೊಂದು ಅವುಗಳತ್ತ ಹರಿದಿತ್ತು.

"ಮುಟ್ಟಿದ್ರೆ ಏನಾಗುತ್ತಮ್ಮಾ?"

"ಯಾರೋ ನಮ್ಮ ಮನೆಗೆ ಕಚ್ಚೋ ಮಾಟ ಮಾಡಿಸಿದ್ರು. ತಮ್ಮ ಅದನ್ನ ಇದ್ರಲ್ಲಿ ಕಚ್ಚಿ ಹಿಡಿದಿಟ್ಟ. ಗುರುತು ಹೋದ್ರೆ ಅದು ಹೊರಗೆ ಬರುತ್ತೆ. ಗುರುತು ಅಳಿಸಿದೋನನ್ನಲ್ಲ, ಅವನ ಮನೆಯವರನ್ನ ಹಿಡಿಯುತ್ತೆ. ನಾಡಿದ್ದು ಬರ್ತೀನಿ."

ಅವಳು ಬಾಗಿಲು ದಾಟುವವರೆಗೂ ಆತ ಹೇಗೋ ನಗು ತಡೆದ. ಮನೆಯಲ್ಲೇ ಕೂತು ಹಳೇ ಪೈಪು ರಿಪೇರಿ ಮಾಡಲು ಶುರುವಿಟ್ಟು ಎರಡು ವರ್ಷವಾಗಿತ್ತಷ್ಟೆ. ಜಂಬ ಮಾತ್ರ ಇಪ್ಪತ್ತು ವರ್ಷದ್ದು.

"ಮುಟ್ಟಬೇಡಿ ಅಂದ್ರಲ್ಲಾ ರೀ," ಅಡುಗೆಮನೆಯಿಂದ ಹೆಂಡತಿ ಕೂಗಿದಳು.

"ಕುಳಿ ಬಿದ್ದ ಪೈಪು ವಾಪಸ್ ಕೊಟ್ರೆ ನನ್ನ ಮರ್ಯಾದೆ ಏನಾಗಬೇಕು? ಕಚ್ಚೋ ಮಾಟವಂತೆ! ನಿನ್ನ ಚಪಾತಿ ಕಚ್ಚಿ ನೋಡ್ಲಿ, ಹಲ್ಲೇ ಉದುರುತ್ತೆ."

"ನಾಳೆಯಿಂದ ನೀವೇ ಲಟ್ಟಿಸ್ಕೊಳ್ಳಿ ಹೋಗ್ರೀ!"

ಬಿರುಕು ಅರ್ಧ ಗಂಟೆಯಲ್ಲಿ ಮುಚ್ಚಿತು. ಕುಳಿಗಳನ್ನು ಉಜ್ಜುವ ಕಷ್ಟವೂ ಇರಲಿಲ್ಲ. ಮೇಣದ ಬತ್ತಿಯ ಮೇಲೆ ಹದವಾಗಿ ತಿರುಗಿಸಿದರೆ ಅಂಥ ರಬ್ಬರು ತಾನಾಗಿ ಉಬ್ಬಿಕೊಳ್ಳುತ್ತದೆ. ತಿರುಗಿಸಿದ. ಗಂಧಕದ ವಾಸನೆ ಎದ್ದಿತು. ಅದರ ಹಿಂದೆಯೇ ಹಳಸಿದ ಬಾಯಿಯ ನಾತ. ಒಂದೊಂದೇ ಕುಳಿ ತುಂಬಿ ಬಂತು. ಎಂಟನೆಯದೂ ಮುಚ್ಚಿತು.

ಅಡುಗೆಮನೆಯಲ್ಲಿ ಹೆಂಡತಿ ಚೀರಿದಳು.

ಓಡಿದ. ಅವಳ ಮುಂಗೈಯಲ್ಲಿ ಎಂಟು ತೂತು. ನೆತ್ತರು ಮೊಣಕೈಯಿಂದ ತೊಟ್ಟಿಕ್ಕುತ್ತಿತ್ತು. ಖಾಲಿ ಗಾಳಿಯಲ್ಲಿ ಹಲ್ಲು ಕಡಿಯುವ ಸದ್ದು, ಕಟಕಟ, ಕಟಕಟ. ಭುಜದ ಮಾಂಸ ಕಿತ್ತು ಬಂತು. ಆತ ಲಟ್ಟಣಿಗೆ ಬೀಸಿದ. ಏನೂ ತಾಗಲಿಲ್ಲ. ಅವಳ ತೋರುಬೆರಳು ಲಟಕ್ಕನೆ ಮುರಿದು ನೆಲಕ್ಕೆ ಬಿತ್ತು.

"ರೀ! ಅಯ್ಯೋ, ರೀ!"

ಪೈಪು! ಓಡಿ ಬಾಚಿಕೊಂಡ. ಬಿಸಿ ರಬ್ಬರು ತುಟಿ ಸುಟ್ಟಿತು. ಕಚ್ಚಿದ. ದವಡೆ ನಡುಗುವಷ್ಟು ಕಚ್ಚಿದ. ಒಂದು ಹಲ್ಲು ಸೀಳಿಹೋಯಿತು.

ಸದ್ದು ನಿಂತಿತು.

"ಹೋಯ್ತು ಕಣೇ" ಎನ್ನಲು ಪೈಪು ತೆಗೆದ. ಅಷ್ಟೇ. ಈ ಸಲ ಅವಳ ಕುತ್ತಿಗೆ. ಮತ್ತೆ ಕಚ್ಚಿದ. ಆಮೇಲೆ ತೆಗೆಯಲಿಲ್ಲ. ಊಟವಿಲ್ಲ, ಮಾತಿಲ್ಲ, ಕಣ್ಣು ಮುಚ್ಚಲು ಭಯ. ಅವಳು ಹಲ್ಲಿನ ಸಂದಿಯಲ್ಲಿ ಹನಿ ಹನಿ ನೀರು ಬಿಡುತ್ತಿದ್ದಳು.

ಹೇಳಿದ ದಿನಕ್ಕೆ ಮುದುಕಿ ಬಂದಳು. ಅವನನ್ನು ನೋಡಿದವಳೇ ಕುರ್ಚಿಗೆ ಕುಸಿದಳು.

"ನನ್ನ ತಮ್ಮನೂ ಹೀಗೇ ಕೂತಿದ್ದ. ಕಚ್ಚಿದ ಬಾಯಲ್ಲೇ ಜೀವ ಹೋದ್ರೆ ಮಾತ್ರ ಗುರುತು ನಿಲ್ಲುತ್ತೆ, ತಾಯೀ."

"ಎಷ್ಟು ದಿನ ಕೂತಿದ್ರು?" ಹೆಂಡತಿ ಕೇಳಿದಳು.

"ಒಂಬತ್ತು."

ಆತ ಬೇಡವೆಂದು ತಲೆ ಅಲ್ಲಾಡಿಸಿದ. ಕಣ್ಣಲ್ಲಿ ನೀರಿಳಿಯಿತು. ಎಳ್ಳಷ್ಟು ಸಡಿಲವಾಯಿತು ದವಡೆ. ಹೆಂಡತಿಯ ಕುತ್ತಿಗೆಯ ಗಾಯದಿಂದ ನೆತ್ತರು ಜಿನುಗಿತು.

ಅವಳು ಎದ್ದು ಹಳೇ ದುಪ್ಪಟ್ಟಾ ಒಂದನ್ನು ತಂದಳು. ಅವನ ಬೆನ್ನ ಹಿಂದೆ ನಿಂತು, ಗದ್ದದ ಕೆಳಗಿನಿಂದ ತಂದು ನೆತ್ತಿಯ ಮೇಲೆ ಸುತ್ತಿದಳು.

"ಅಲ್ಲಾಡಬೇಡಿ ರೀ," ಎಂದಳು, ಬಿಕ್ಕುತ್ತಾ.

ಬೆರಳಿಲ್ಲದ ಕೈಗೆ ಗಂಟು ಬಿಗಿಯಲಿಲ್ಲ. ಹಲ್ಲಿನಿಂದ ಕಚ್ಚಿ ಎಳೆದು ಬಿಗಿದಳು.