ಹರಿದ ಹಗ್ಗದ ತುದಿ

"ಆ ತೇಲುಗುಂಡಿನ ಹಗ್ಗಕ್ಕೆ ಸುತ್ತಿರೋ ಟೇಪ್ ಸ್ವಲ್ಪ ಬಿಚ್ಚಿ ತೋರಿಸ್ತೀರಾ, ಮೇಡಂ?"

ಧ್ವನಿ ಕೇಳಿದ್ದೇ ಕೊರಾದಾ ಗಕ್ಕನೆ ತಿರುಗಿದಳು. ಟೋಪಿಯ ಕೆಳಗೆ ಅದೇ ಕಣ್ಣು... ಯೆರ್ಕೊ!

ಫಟಾರ್! ಅವಳ ಏಟಿಗೆ ಅವನ ತುಟಿ ಒಡೆದು ರಕ್ತ ಬಂತು. ಆಸ್ಟ್ರೇಲಿಯಾದ ಫ್ರೀಮ್ಯಾಂಟಲ್ ಬಂದರಿನ ಹಳೇ ಜೈಲು ನೋಡಲು ಬಂದಿದ್ದ ಪ್ರವಾಸಿಗರು ಇದೂ ಕೈದಿಗಳ ನಾಟಕವೆಂದು ಚಪ್ಪಾಳೆ ತಟ್ಟಿದರು. ಪಾಪ, ಅವರಿಗೇನು ಗೊತ್ತು!

ಗೈಡ್ ಕೊರಾದಾ ಎರಡು ವರ್ಷದಿಂದ ಆ ಕಿತ್ತಳೆ ಬಣ್ಣದ ತೇಲುಗುಂಡನ್ನು ಎತ್ತಿ ಹಿಡಿದು ದಿನವೂ ಹೇಳುತ್ತಿದ್ದಳು: "ಸಮುದ್ರದಲ್ಲಿ ಲಾಬ್‌ಸ್ಟರ್ ಹಿಡಿಯೋ ಬುಟ್ಟಿಗೆ ಕಟ್ಟೋ ಗುಂಡು ಇದು. ನಮ್ಮ ಹಗ್ಗ ಕೊಯ್ದ ಕಳ್ಳನ ದೋಣೀಲಿ ಸಿಕ್ತು." ಆ ಕಳ್ಳ ಸಿಕ್ಕಿಬಿದ್ದದ್ದು ಅವಳ ಮದುವೆಗೆ ಒಂದು ವಾರವಿದ್ದಾಗ. ಅವನೇ ಮದುಮಗ, ಯೆರ್ಕೊ. ಅಣ್ಣ ಸವೇರಿಯೊ ಅವನ ಬಲಗೈ ಬೆರಳುಗಳನ್ನು ಮುರಿದು ಊರು ಬಿಡಿಸಿದ್ದ. ಈ ಬಂದರಿನಲ್ಲಿ ಕೊಲೆಗಾರನಿಗಾದರೂ ಹೆಣ್ಣು ಕೊಟ್ಟಾರು, ಇನ್ನೊಬ್ಬರ ಬುಟ್ಟಿ ಮುಟ್ಟಿದವನಿಗೆ ನೀರೂ ಕೊಡುವುದಿಲ್ಲ.

"ತೇಲ್ಕೊಂಡು ಹೋಗ್ತಿದ್ದಿದ್ದನ್ನ ನಿಮಗೆ ಕೊಡೋಕೇ ಹೆಕ್ಕಿದ್ದೆ ಕಣೇ! ಅವತ್ತು ಯಾರೂ ಹಗ್ಗದ ತುದಿ ನೋಡ್ಲಿಲ್ಲ. ನೀನಾದ್ರೂ ನೋಡು..." ಯೆರ್ಕೊ ತುಟಿಯ ರಕ್ತ ಒರೆಸಿಕೊಂಡ.

"ಮತ್ತೆ ಬಂದ್ಯೇನೋ, ನಾಯಿ!"

ಗಲಾಟೆ ಕೇಳಿ ಸವೇರಿಯೊ ಕೆಳಗಿನ ಬಂದರಿನಿಂದ ದೋಣಿಯ ಕೊಕ್ಕೆಕೋಲು ಹಿಡಿದು ಮೆಟ್ಟಿಲೇರಿ ಬಂದಿದ್ದ. ಮೊದಲ ಏಟು ಬೆನ್ನಿಗೆ, ಎರಡನೆಯದು ಮೊಣಕಾಲಿಗೆ. ಯೆರ್ಕೊ ಕುಸಿದ, ಆದರೆ ಕೈ ಎತ್ತಲಿಲ್ಲ. ಚಪ್ಪಾಳೆ ನಿಂತುಹೋಯಿತು.

ಇವನ್ಯಾಕೆ ತಿರುಗಿ ಹೊಡೀತಿಲ್ಲ? ಕೊರಾದಾ ಟೇಪ್ ಕಿತ್ತಳು. ಚಾಕುವಿನಲ್ಲಿ ಕೊಯ್ದ ತುದಿ ನುಣ್ಣಗಿರುತ್ತದೆ; ಮೀನುಗಾರನ ಮಗಳಿಗೆ ಅದನ್ನು ಯಾರೂ ಕಲಿಸಬೇಕಿಲ್ಲ. ಇದು ತಿರುಚಿ, ಸಿಡಿದು, ಎಳೆಎಳೆಯಾಗಿತ್ತು. ಹಡಗಿನ ಪ್ರೊಪೆಲರ್‌ಗೆ ಸಿಕ್ಕಿ ಹರಿದ ಹಗ್ಗ!

"ಅಣ್ಣಾ... ಈ ಟೇಪ್ ಸುತ್ತಿದ್ದು ನೀನೇ ಅಲ್ವಾ?"

ಕೋಲು ಗಾಳಿಯಲ್ಲೇ ನಿಂತಿತು. "ಅವನ ಕೈ ಮುರಿದ ಮೇಲೆ ಈ ತುದಿ ನೋಡ್ದೆ ಕಣೇ. ಯಾವ ಮುಖ ಇಟ್ಕೊಂಡು ಹೇಳ್ಲಿ? ಅದಕ್ಕೇ ಸುತ್ತಿ ಮುಚ್ಚಿಬಿಟ್ಟೆ."

ಜೈಲಿನ ಬಳಿ ದಿನವೂ ಮಧ್ಯಾಹ್ನ ಒಂದು ಗಂಟೆಗೆ ಹಾರಿಸುವ ಫಿರಂಗಿ ಢಮ್ಮೆಂದಿತು. ಅದೇ ಕ್ಷಣ ಕೊರಾದಾ ಬೀಸಿದ ತೇಲುಗುಂಡು ಸವೇರಿಯೊನ ಮುಖಕ್ಕೆ ಅಪ್ಪಳಿಸಿತು. ಅವನು ಕೋಲು ಬಿಸುಟು, ರಕ್ತ ಸೋರುವ ಮೂಗು ಹಿಡಿದು ಗೋಡೆಗೊರಗಿ ಕುಳಿತ.

ಕೊರಾದಾ ಮಂಡಿಯೂರಿ ಯೆರ್ಕೊನ ಸೊಟ್ಟ ಬೆರಳುಗಳನ್ನು ಎದೆಗೊತ್ತಿಕೊಂಡಳು. "ದಿನಾ ಎಲ್ಲರ ಮುಂದೆ ನಿನ್ನನ್ನ ಕಳ್ಳ ಅಂದೆ. ದಿನಾ ಮನೆಗೆ ಹೋಗಿ ನಿನಗಾಗೇ ಅತ್ತೆ... ನನ್ನನ್ನೂ ಹೊಡಿ!"

"ನನ್ನ ಹೊಡೆದು ನಿನ್ನ ಕೈಗೆ ನೋವಾಯ್ತಾ?"

"ಬಾಯ್ಮುಚ್ಚು!" ಅವಳು ಬಿಕ್ಕಿದಳು.

"ನಾಳೆ ಬರೋ ಪ್ರವಾಸಿಗರಿಗೆಲ್ಲ ಏನು ಕಥೆ ಹೇಳ್ತೀಯಾ?"

"ನಿಜಾನೇ ಹೇಳ್ತೀನಿ. ಪಕ್ಕದಲ್ಲಿ ನಿಂತಿರ್ತೀಯಾ?"

"ಹೊಡೆಯಲ್ಲ ಅಂದ್ರೆ... ಸಾಯೋವರೆಗೂ ನಿಂತಿರ್ತೀನಿ."