ಮೂರು ವರ್ಷ ಒಣಗಿದ ಬೊಡ್ಡೆ

ಮೇಸ್ತ್ರಿಯ ಮಗಳು ಬಂದಾಗ ದರ್ಜಿ ಯಾರದೋ ಪ್ಯಾಂಟಿನ ಸೊಂಟ ಬಿಚ್ಚಿ ದೊಡ್ಡದು ಮಾಡುತ್ತಿದ್ದ. ಅವಳು ಅವನ ಮುಖ ನೋಡದೆ ಮೆಟ್ಟಿಲಿನ ಕಡೆ ಕೈ ತೋರಿಸಿದಳು. "ಯಾಕಣ್ಣ ಇದ್ದಾರಾ?"

ಮಹಡಿಯ ಬಾಡಿಗೆದಾರನಿಗೆ ಹೆತ್ತವರು ಇಟ್ಟ ಹೆಸರು ಬೀದಿಯಲ್ಲಿ ಯಾರಿಗೂ ನೆನಪಿರಲಿಲ್ಲ. ಕಂಡವರನ್ನೆಲ್ಲ 'ಯಾಕೆ?' ಎಂದು ಕೇಳಿ ಕೇಳಿ ಯಾಕಣ್ಣನಾಗಿದ್ದ. ಈ ಚಟದಿಂದ ಅವನಿಗೆ ನಿಶ್ಚಯವಾಗಿದ್ದ ಎರಡು ಮದುವೆ ಮುರಿದಿದ್ದವು, ನಾಲ್ಕು ಕೊಲೆಗಾರರು ಜೈಲು ಸೇರಿದ್ದರು. ಹೋದಲ್ಲೆಲ್ಲ ದರ್ಜಿಯನ್ನು ಕರೆದೊಯ್ಯುತ್ತಿದ್ದ. ದರ್ಜಿಯ ಕಣ್ಣು ಟೇಪಿಲ್ಲದೆ ಅಳೆಯುತ್ತಿತ್ತು, ಬಾಯಿ ಹೊಲಿದ ಹಾಗಿರುತ್ತಿತ್ತು.

"ನಿನ್ನೆ ಅಪ್ಪನ್ನ ಕೊಂದುಬಿಟ್ರು," ಎಂದಳು ಹುಡುಗಿ. ಅತ್ತು ಮುಗಿದ ದನಿ. "ಚಿಕ್ಕಪ್ಪನ್ನ ಹಿಡ್ಕೊಂಡು ಹೋಗಿದ್ದಾರೆ. ಅಪ್ಪನ್ನಂತೂ ವಾಪಸ್ ತರೋಕಾಗಲ್ಲ. ಚಿಕ್ಕಪ್ಪನ್ನಾದ್ರೂ ತಂದ್ಕೊಡಿ. ನಂಗೆ ಇನ್ಯಾರೂ ಇಲ್ಲ."

"ಅವನಲ್ಲ ಅಂತ ಯಾಕೆ ಹೇಳ್ತೀಯಮ್ಮ?"

"ಬೈತಾರೆ, ಅಷ್ಟೇ. ಅವರು ತಗಡು ಬಿಟ್ಟು ಬೇರೇನನ್ನೂ ಹೊಡೆದವರಲ್ಲ."

ತಗಡಿನ ಮೇಸ್ತ್ರಿ ಹಳೇ ಕಾರುಗಳಿಗೆ ಚಕ್ರದ ಮೇಲಿನ ಉಬ್ಬು ಹೊದಿಕೆ, ಬಾಗಿದ ಬಾಗಿಲು ಎಲ್ಲವನ್ನೂ ಕೈಯಲ್ಲೇ ತಟ್ಟಿ ತಟ್ಟಿ ಮಾಡುತ್ತಿದ್ದವನು. ಅವರು ಹೋದಾಗ ಅವನ ಶೆಡ್ಡಿನ ಮಧ್ಯೆ ಸೊಂಟದೆತ್ತರದ ಮರದ ಬೊಡ್ಡೆ ನಿಂತಿತ್ತು. ಅದರ ತಲೆಯ ಅಂಚಿನ ಹತ್ತಿರ ತಟ್ಟೆಯಷ್ಟು ಅಗಲದ ಗುಳಿ. ಗುಳಿಯ ಮೇಲೆ ತಗಡಿಟ್ಟು ಮರದ ಕೊಡತಿಯಿಂದ ಹೊಡೆದರೆ ತಗಡು ಹೊಟ್ಟೆ ಬಿಡುತ್ತದೆ. ಬೊಡ್ಡೆಯ ಬುಡದಲ್ಲಿ ರಕ್ತ ಒಣಗಿ ಕಂದಾಗಿತ್ತು.

ಇನ್ಸ್‌ಪೆಕ್ಟರ್ ಕೇಸನ್ನು ಮಡಿಸಿ ಇಸ್ತ್ರಿ ಮಾಡಿ ಇಟ್ಟಿದ್ದ. "ಹನ್ನೊಂದೂವರೆಗೆ ಅಣ್ಣ ತಮ್ಮ ಜಗಳ. ತಮ್ಮ ಎದ್ದು ಹೋದ. ಹನ್ನೆರಡಕ್ಕೆ ಸಾಮಿಲ್ ಸಾಹುಕಾರ್ರು ಬಂದು ಅರ್ಧ ಗಂಟೆ ಇದ್ದು ಹೋದರು. ಒಂದು ಗಂಟೆಯಿಂದ ಅವರು ಸಾಮಿಲ್ಲಲ್ಲೇ ಇದ್ದರು, ಹತ್ತು ಆಳು ಸಾಕ್ಷಿ. ಆಮೇಲೆ ಎರಡು ಗಂಟೆ ದಾಟೋವರೆಗೂ ಇಲ್ಲಿಂದ ಹೊಗೆ ಬರ್ತಿತ್ತು. ಮೇಸ್ತ್ರಿ ಕೆಂಡ ಹಾಕಿ ಗುಳಿ ಸುಟ್ಟು ಗಟ್ಟಿ ಮಾಡ್ತಿದ್ದ. ಅಂದ್ರೆ ಬದುಕಿದ್ದ. ಮೂರಕ್ಕೆ ತಮ್ಮ ಬಂದ, ಕೂಗಿಕೊಂಡ. ತಲೆ ಒಡೆದಿರೋದು ತಮ್ಮನದೇ ಕೊಡತಿ. ಇನ್ನೇನ್ರೀ ಬೇಕು?"

"ಜಗಳ ಯಾಕೆ?"

"ಈ ಬೊಡ್ಡೆಗೆ! ಮೂರು ವರ್ಷ ಒಂದು ಕೊರಡಿಗೆ ಕಾದು ಕೂತಿದ್ದೀಯಲ್ಲ, ಮಿಷಿನ್ ತಗೋ ಅಂದನಂತೆ ತಮ್ಮ."

ಯಾಕಣ್ಣ ಗುಳಿಗೆ ಮೂಗು ತೂರಿಸಿದ. ದರ್ಜಿಯೂ ಬಗ್ಗಿ ನೋಡಿದ. ಒಂದು ಕಡೆ ಉಳಿಯಲ್ಲಿ ಕೆತ್ತಿದ ಗುರುತು ರೇಷ್ಮೆಯಂತೆ ನುಣುಪಾಗಿತ್ತು. ಇನ್ನೊಂದು ಕಡೆ ಬೆಂಕಿ ಅಂಚು ದಾಟಿ ಹೊರಗೆ ನೆಕ್ಕಿತ್ತು, ಅಲ್ಲಿಂದ ಒಂದು ಬಿರುಕು ಬೊಡ್ಡೆಯ ನಡುವಿನವರೆಗೂ ಓಡಿತ್ತು. ಗೋಡೆಯ ಮೊಳೆಯಲ್ಲಿ ಮಡಚಿಟ್ಟ ಗೋಣಿಚೀಲ. ದರ್ಜಿ ಮುಟ್ಟಿ ನೋಡಿದ: ಗರಿಗರಿಯಾಗಿ ಒಣಗಿತ್ತು, ಮಡಿಕೆಯಲ್ಲಿ ವಾರದ ಧೂಳು. ಮೇಜಿನ ಮೇಲಿನ ಉಳಿಯ ಬಾಯಲ್ಲಿ ಅಕ್ಕಿ ಕಾಳಿನಷ್ಟು ಹಲ್ಲು ಹೋಗಿತ್ತು.

"ಉಳಿ ಯಾಕಮ್ಮ ಮುಕ್ಕಾಗಿದೆ?"

"ಹಿಂದಿನ ದಿನ ಅಪ್ಪ ಊಟಾನೇ ಸರಿಯಾಗಿ ಮಾಡಲಿಲ್ಲ," ಎಂದಳು ಮಗಳು. "ಇಷ್ಟು ವರ್ಷ ಸಾಕಿದ ಬೊಡ್ಡೆ ನನ್ನ ಉಳೀನೇ ಕಚ್ಚಿತಲ್ಲೇ, ಸಾಹುಕಾರನ್ನ ಕರೆಸಿ ಕೇಳ್ತೀನಿ ಅಂದರು."

ಆ ಬೊಡ್ಡೆಯ ಕತೆಯನ್ನು ಅವಳೇ ಹೇಳಿದಳು. ಅಪ್ಪ ಅಂಥ ಮರಕ್ಕೆ ಎರಡು ವರ್ಷ ಅಲೆದಿದ್ದ. ಗಟ್ಟಿ ಮರವಾಗಬೇಕು, ಹುಳ ಹಿಡಿದಿರಬಾರದು, ಉಂಗುರಗಳು ಒತ್ತೊತ್ತಾಗಿರಬೇಕು. ಕೊನೆಗೆ ಸಾಮಿಲ್ಲಿನ ಹಿತ್ತಲಲ್ಲಿ ಗಾಳಿಗೆ ವಾಲಿದ ಮರ ಸಿಕ್ಕಿತು. "ಬೇರಿನ ಹತ್ರ ಬುಡ ಅಗಲ ಇರುತ್ತೆ, ಹೊಡೆದರೂ ಅಲ್ಲಾಡಲ್ಲ, ಅಗೆದು ಬುಡಸಮೇತ ಕೊಡಿ ಅಂತ ಅಪ್ಪ ಗೋಗರೆದರು. ಸಾಹುಕಾರ್ರು ನೆಲದಿಂದ ಒಂದಡಿ ಮೇಲಕ್ಕೇ ಕೊಯ್ದು ಕೊಟ್ಟರು. ಗುದ್ದಲಿ ಹಾಕೋಕೆ ಬಿಡಲೇ ಇಲ್ಲ. ಅಪ್ಪ ಎರಡೂ ಮುಖಕ್ಕೆ ಮೇಣ ಬಳಿದು ನೆರಳಲ್ಲಿ ಮೂರು ವರ್ಷ ಒಣಗಿಸಿದರು. ಬಿರುಕು ಬಂತಾ ಅಂತ ದಿನಾ ನೋಡೋರು. ನಂಗೆ ಜ್ವರ ಬಂದಾಗಲೂ ಮೊದಲು ಅದರ ಹಣೆ ಮುಟ್ಟಿ ಆಮೇಲೆ ನನ್ನ ಹಣೆ ಮುಟ್ಟಿದ್ದರು."

ನಗಲು ಹೋಗಿ ಅವಳು ಮುಖವನ್ನು ಬಾಗಿಲಿನ ಕಡೆ ತಿರುಗಿಸಿದಳು.

ಎದುರಂಗಡಿಯ ಪೇಂಟರ್ ಕಾರಿಗೂ ಬಣ್ಣ ಬಳಿಯುತ್ತಿದ್ದ, ಬೋರ್ಡಿಗೂ ಬಳಿಯುತ್ತಿದ್ದ, ಮಾತಿಗಂತೂ ಎರಡು ಕೋಟು. "ಮೇಸ್ತ್ರಿ ನನ್ನ ಪೇಂಟನ್ನ ಮುಖಕ್ಕೆ ಹಚ್ಚೋ ಪೌಡರ್ ಅಂತಿದ್ದ. ಅದಕ್ಕೆಲ್ಲ ಕೊಲ್ತಾರೇನ್ರೀ? ಸಾಹುಕಾರ್ರು ಹೋಗುವಾಗ ಬಾಗಿಲಲ್ಲಿ ನಿಂತು 'ಬರ್ತೀನಿ ಮೇಸ್ತ್ರೀ' ಅಂತ ಕೂಗಿದ್ದು ನಾನೇ ಕೇಳಿದೆ."

"ಮೇಸ್ತ್ರಿ ಏನಂದ?"

ಪೇಂಟರ್ ಬ್ರಷ್ಷಿನಿಂದ ಕಿವಿ ಕೆರೆದುಕೊಂಡ. "ಅವನು... ಏನೂ ಅನ್ನಲಿಲ್ಲಪ್ಪ."

"ಸಾಹುಕಾರ್ರ ಪರಿಚಯ ಎಷ್ಟು ವರ್ಷದ್ದು?"

"ಹನ್ನೆರಡು. ಅವರ ಬೋರ್ಡು ನಂದೇ. 'ಅಣ್ಣತಮ್ಮಂದಿರ ಸಾಮಿಲ್' ಅಂತ ಇತ್ತು. ಅದೇ ವರ್ಷ ಅವರಣ್ಣ ಹೇಳದೆ ಕೇಳದೆ ಮನೆ ಬಿಟ್ಟು ಹೋದಮೇಲೆ ಮೊದಲಿನ ಮಾತನ್ನ ನಾನೇ ಅಳಿಸಿದೆ."

ಯಾಕಣ್ಣ ಒಬ್ಬ ಬಡಗಿಯನ್ನು ಕರೆಸಿ ಬೊಡ್ಡೆಯ ತಲೆಯನ್ನು ಅಡ್ಡಡ್ಡ ಕೊಯ್ಯಿಸಿದ. ಕೊಯ್ದ ಮುಖದ ಮೇಲೆ ದರ್ಜಿ ಸೂಜಿ ಹಿಡಿದು ಉಂಗುರ ಎಣಿಸಿದ. ಆಮೇಲೆ ಯಾಕಣ್ಣ ಇನ್ಸ್‌ಪೆಕ್ಟರ್ ಕಿವಿಯಲ್ಲಿ ಏನೋ ಊದಿದ. ಇನ್ಸ್‌ಪೆಕ್ಟರ್ ಬಾಯಲ್ಲಿದ್ದ ನಗು ಹಾಗೇ ಒಣಗಿತು. ಆ ರಾತ್ರಿ ಇಬ್ಬರು ಪೇದೆಗಳು ಯಾರಿಗೂ ಗೊತ್ತಾಗದಂತೆ ಗುದ್ದಲಿ ಹೊತ್ತು ಹೊರಟರು.

ಮಾರನೆಯ ದಿನ ಬೆಳಿಗ್ಗೆ ಎಲ್ಲರೂ ಶೆಡ್ಡಿನಲ್ಲಿ ಸೇರಿದರು. ಚಿಕ್ಕಪ್ಪನ ಕೈಗೆ ಬೇಡಿ. ಮಗಳು ಅವನ ಅಂಗಿಯ ತುದಿ ಹಿಡಿದು ನಿಂತಿದ್ದಳು. ಪೇಂಟರ್ ಸ್ಟೂಲಿನ ಮೇಲೆ. ಸಾಮಿಲ್ ಸಾಹುಕಾರ ಕುರ್ಚಿ ಕೇಳಿ ಪಡೆದು ಕೂತ.

"ಚಿಕ್ಕಪ್ಪ," ಎಂದ ಯಾಕಣ್ಣ, "ನಿಮ್ಮಣ್ಣ ಗುಳಿಗೆ ಕೆಂಡ ಹಾಕೋದು ಹೇಗೆ?"

"ಅದನ್ನೇನು ಕೇಳ್ತೀರಾ. ಕೆತ್ತೋದು ಮುಗಿದ ಮೇಲೇ ಹಾಕೋದು. ಒದ್ದೆ ಗೋಣಿ ಅಂಚಿಗೆ ಸುತ್ತಿ, ಪಕ್ಕದಲ್ಲೇ ಕುಕ್ಕರುಗಾಲಲ್ಲಿ ಕೂತು, ಊದೋದು, ಕೆರೆಯೋದು, ಮತ್ತೆ ಊದೋದು. ಮನೆಗೆ ಬೆಂಕಿ ಬಿದ್ರೂ ಏಳ್ತಿರಲಿಲ್ಲ."

"ಗೋಣಿ ಒಣಗೇ ಇದೆ. ಅಂಚು ಸುಟ್ಟಿದೆ, ಬೊಡ್ಡೆ ಸೀಳಿದೆ. ಮೂರು ವರ್ಷ ಹಣೆ ಮುಟ್ಟಿ ನೋಡಿದವನು ಒಂದೇ ಮಧ್ಯಾಹ್ನದಲ್ಲಿ ಇದನ್ನ ಹೀಗೆ ಸಾಯಿಸ್ತಾನಾ? ಆ ಕೆಂಡಕ್ಕೆ ಕಾವಲಿರಲಿಲ್ಲ. ಯಾಕೆ? ಕಾಯೋನು ಆಗಲೇ ಸತ್ತು ಬಿದ್ದಿದ್ದ. ಹೊಗೆ ಬಂದಿದ್ದಕ್ಕೆ ಅವನು ಬದುಕಿದ್ದ ಅಂತ ನಾವು ಅಂದ್ಕೊಂಡ್ವಿ."

"ಹಾಗಾದ್ರೆ..." ಪೇಂಟರ್ ಮೆಲ್ಲಗೆ ಸಾಹುಕಾರನತ್ತ ತಿರುಗಿದ.

"ಮೂಲೆಯ ಕುಲುಮೆಯಿಂದ ಗುಳಿಗೆ ಕೆಂಡ ಸುರಿದು, ಬಾಗಿಲಲ್ಲಿ ನಿಂತು ಹೆಣಕ್ಕೆ 'ಬರ್ತೀನಿ' ಅಂತ ಹೇಳಿ ಹೋದವರು ಒಬ್ಬರೇ."

ಸಾಹುಕಾರ ನಕ್ಕ. "ನಂಗೆ ಯಾಕಯ್ಯ ಮೇಸ್ತ್ರಿ ಮೇಲೆ ದ್ವೇಷ?"

"'ಯಾಕೆ' ನನ್ನ ಮಾತು, ನನಗೇ ಬಿಡಿ. ಉಳಿ ಮುಕ್ಕಾಗಿದ್ದು ಮರದಿಂದಲ್ಲ. ಒಳಗೆ ಲೋಹ ಇತ್ತು. ನೀವು ಅದನ್ನ ತಗೊಂಡು ಹೋದ್ರಿ, ಅದಿದ್ದ ಗೂಡನ್ನ ಸುಡೋಕೆ ಕೆಂಡ ಸುರಿದ್ರಿ. ಆದ್ರೆ ಕೊಯ್ದು ನೋಡಿದಾಗ ಸುಟ್ಟ ಕರಿಯ ಆಚೆಗೂ ತೂತು ಉಳಿದಿತ್ತು. ಕೋವಿಯ ಗುಂಡಿನ ದಾರಿ. ಅದರ ಹೊರಗೆ ಒಂಬತ್ತು ಉಂಗುರ ಬೆಳೆದು ಮುಚ್ಚಿವೆ, ದರ್ಜಿಯೇ ಎಣಿಸಿದ್ದಾನೆ. ವರ್ಷಕ್ಕೊಂದರಂತೆ ಒಂಬತ್ತು, ಕಡಿದ ಮೇಲೆ ಒಣಗಿದ್ದು ಮೂರು. ಹನ್ನೆರಡು ವರ್ಷದ ಹಿಂದೆ, ನಿಂತ ಮನುಷ್ಯನ ಎದೆಯ ಎತ್ತರಕ್ಕೆ, ನಿಮ್ಮ ಹಿತ್ತಲ ಮರಕ್ಕೆ ಗುಂಡು ಬಿತ್ತು."

ದರ್ಜಿ ಆ ಎತ್ತರವನ್ನು ಮೊದಲೇ ಅಳೆದಿದ್ದ: ಬೊಡ್ಡೆಯ ಎತ್ತರಕ್ಕೆ ನೆಲದಲ್ಲಿ ಬಿಟ್ಟ ಒಂದಡಿ ಸೇರಿಸಿ. ಕುರ್ಚಿಯ ಕೈ ಹಿಡಿದಿದ್ದ ಸಾಹುಕಾರನ ಬೆರಳು ಬಿಳಿಚಿಕೊಂಡದ್ದು ಅವನಿಗೆ ಮಾತ್ರ ಕಂಡಿತು.

"ಮೇಸ್ತ್ರಿ ಉಂಗುರ ಓದಬಲ್ಲವನು. 'ಹನ್ನೆರಡು ವರ್ಷದ ಹಿಂದೆ ನಿಮ್ಮ ಹಿತ್ತಲಲ್ಲಿ ಬೇಟೆ ಆಡಿದ್ದು ಯಾರು ಸಾಹುಕಾರ್ರೇ?' ಅಂತ ತಮಾಷೆ ಮಾಡಿರ್ತಾನೆ. ಅವನಿಗೆ ಉತ್ತರ ಬೇಕಿದ್ದದ್ದು ಮುಕ್ಕಾದ ಉಳಿಗೆ. ನಿಮಗೆ ಅಣ್ಣ ನೆನಪಾದ. ಕೈಗೆ ಸಿಕ್ಕಿದ್ದು ಕೊಡತಿ."

"ಕತೆ," ಎಂದ ಸಾಹುಕಾರ. "ಬರೀ ಕತೆ."

"ಬೇರಿಗೆ ಗುದ್ದಲಿ ಹಾಕೋಕೆ ಯಾಕೆ ಬಿಡಲಿಲ್ಲ?"

ಉತ್ತರ ಬಾಗಿಲಿನಿಂದ ಬಂತು. ಮೊಣಕೈವರೆಗೆ ಮಣ್ಣಾದ ಪೇದೆಯೊಬ್ಬ ನಿಂತಿದ್ದ. ಕರವಸ್ತ್ರದಲ್ಲಿ ತುಕ್ಕು ಹಿಡಿದ ಒಂದು ಬೆಲ್ಟಿನ ಬಕಲ್. "ಬುಡದ ಕೆಳಗೇ ಇತ್ತು ಸಾರ್," ಎಂದ. "ಬೇರು ಪಕ್ಕೆಲುಬಿನ ಒಳಗೇ ಬೆಳ್ಕೊಂಡಿತ್ತು. ಬಿಡಿಸೋಕೆ ಆಗ್ತಿಲ್ಲ."

ಪೇಂಟರ್ ಸ್ಟೂಲಿನಿಂದ ಎದ್ದುಬಿಟ್ಟ. ಸಾಹುಕಾರ ಏಳಲಿಲ್ಲ. "ಮರ ಕೊಯ್ಯೋದೇ ನಮ್ಮ ಕಸುಬು," ಎಂದ ಯಾರಿಗೋ ಎಂಬಂತೆ. "ಅದು ಒಳಗೆ ಇಟ್ಕೊಂಡಿರುತ್ತೆ ಅಂತ ಹೊಳೀಲೇ ಇಲ್ಲ." ಚಿಕ್ಕಪ್ಪನ ಕೈಯಿಂದ ಕಳಚಿದ ಬೇಡಿ ಅವನ ಕೈಗೆ ಹೋಯಿತು.

ತಿಂಗಳಾದ ಮೇಲೆ ದರ್ಜಿ ಅದೇ ದಾರಿಯಲ್ಲಿ ಬರುತ್ತಿದ್ದಾಗ ಶೆಡ್ಡಿನ ಬಾಗಿಲು ತೆರೆದಿತ್ತು. ಮೂಲೆಯ ನೆರಳಿನಲ್ಲಿ ಆಗತಾನೆ ಕಡಿದ ಹಸಿ ಬೊಡ್ಡೆ, ಬುಡ ಬೇರಿನವರೆಗೂ ಅಗಲ. ಮಿಷಿನ್ ಬೇಕೆಂದು ಅಣ್ಣನ ಜೊತೆ ಕಾದಾಡಿದ ಚಿಕ್ಕಪ್ಪ ಮಂಡಿಯೂರಿ ಅದರ ಮುಖಕ್ಕೆ ಬಿಸಿ ಮೇಣ ಬಳಿಯುತ್ತಿದ್ದ. ಮಗಳು ಪಕ್ಕದಲ್ಲಿ ಡಬ್ಬ ಹಿಡಿದಿದ್ದಳು.

"ಎಷ್ಟು ದಿನ ಚಿಕ್ಕಪ್ಪ?" ಎಂದ ದರ್ಜಿ.

ಚಿಕ್ಕಪ್ಪ ಸೀಮೆಸುಣ್ಣದಿಂದ ಬೊಡ್ಡೆಯ ತೊಗಟೆಯ ಮೇಲೆ ಆ ದಿನದ ತಾರೀಖು ಬರೆದ. ಅಂಕಿ ಸೊಟ್ಟಗಾಯಿತು. ಅಳಿಸಿ ಮತ್ತೆ ಬರೆದ.

"ಮೂರು ವರ್ಷ," ಎಂದ. ಆಮೇಲೆ ಅಂಗೈಯನ್ನು ಮೆಲ್ಲಗೆ ಬೊಡ್ಡೆಯ ಹಣೆಗಿಟ್ಟು ನೋಡಿದ.