ಬೇಕರಿಯವನ ಮೊಣಕೈ

ಬೇಕರಿಯವನು ಚೀರಿದ ಸದ್ದಿಗೆ ಇಡೀ ಹಾಲ್ ಸ್ತಬ್ಧವಾಯಿತು. ಮ್ಯಾಟಿನ ಮೇಲೆ ಜೋಡಿ ಜೋಡಿಯಾಗಿ ಹೆಣೆದುಕೊಂಡು ಬಿದ್ದಿದ್ದವರೆಲ್ಲ ಒಬ್ಬರನ್ನೊಬ್ಬರು ಬಿಟ್ಟು ತಲೆ ಎತ್ತಿದರು. ಗೋಡೆಯ ಪಕ್ಕದಲ್ಲಿ ಬೇಕರಿಯವನು ಬಲಗೈಯನ್ನು ಎದೆಗೆ ಅವುಚಿಕೊಂಡು ನರಳುತ್ತಿದ್ದ. ಅವನ ಎದೆಯ ಮೇಲೆ ಅಡ್ಡಡ್ಡ ಕಾಲು ಹಾಕಿಕೊಂಡು, ಏನಾಯಿತೆಂದು ಅಲ್ಲಿದ್ದವರೆಲ್ಲರಿಗಿಂತ ಕಡಿಮೆ ಗೊತ್ತಿದ್ದ ಮುಖ ಮಾಡಿಕೊಂಡು ಬಿದ್ದಿದ್ದವನು ಲಿಫ್ಟ್ ರಿಪೇರಿಯವನು.

"ತಟ್ಟಿದೆ," ಎಂದ ಬೇಕರಿಯವನು ಹಲ್ಲು ಕಚ್ಚಿ. "ತಟ್ಟಿದೆ ಕೋಚ್. ಇವನು ಬಿಡ್ಲೇ ಇಲ್ಲ."

ಬ್ರೆಜಿಲಿಯನ್ ಜಿಯು-ಜಿಟ್ಸುವಿನಲ್ಲಿ ಹೊಡೆತವಿಲ್ಲ, ಒದೆತವಿಲ್ಲ. ಹಿಡಿಯುವುದು, ಉರುಳಿಸುವುದು, ಕೈಯನ್ನೋ ಕಾಲನ್ನೋ ಕತ್ತನ್ನೋ ಪಟ್ಟಿನಲ್ಲಿ ಸಿಕ್ಕಿಸುವುದು, ಅಷ್ಟೇ. ಸಿಕ್ಕಿಬಿದ್ದವನು ಎದುರಾಳಿಯ ಮೈಯನ್ನೋ ನೆಲವನ್ನೋ ಕೈಯಿಂದ, ಕೈ ಸಿಗದಿದ್ದರೆ ಕಾಲಿಂದ, ತಟ್ಟಿದರೆ ಸೋತೆ ಎಂದರ್ಥ. ಹಿಡಿದವನು ಆ ಕ್ಷಣ ಬಿಡಬೇಕು. ಈ ಒಂದು ನಂಬಿಕೆಯ ಮೇಲೆಯೇ ಗಂಡಸರು, ಹೆಂಗಸರು ತಮ್ಮ ಕತ್ತನ್ನು ಇನ್ನೊಬ್ಬರ ಕೈಗೆ ಕೊಟ್ಟು ಮಲಗುತ್ತಿದ್ದರು. ಕೋಚ್ ಬೇರೆ ಎಲ್ಲ ತಪ್ಪಿಗೂ ನಕ್ಕುಬಿಡುತ್ತಿದ್ದರು. ತಟ್ಟಿದ ಮೇಲೂ ಬಿಡದವನು ಮಾತ್ರ ಅವರ ಮ್ಯಾಟ್ ಮೇಲೆ ಮತ್ತೆ ಕಾಲಿಡುವ ಹಾಗಿರಲಿಲ್ಲ.

"ನೀನು ಬಿಡ್ಲಿಲ್ವಾ?" ಎಂದರು ಕೋಚ್.

"ಅವನು ಕೂಗಿದ ತಕ್ಷಣ ಬಿಟ್ಟೆ," ಎಂದ ಲಿಫ್ಟಿನವನು. ಆಮೇಲೆ ಬಾಯಿ ತಪ್ಪಿ ನಿಜವನ್ನೂ ಹೇಳಿಬಿಟ್ಟ. "ಅದಕ್ಕೆ ಮುಂಚೆ ತಟ್ಟಿದ್ನೋ ಏನೋ, ನಂಗೆ ಗೊತ್ತಾಗ್ಲಿಲ್ಲ."

ಅವನಿಗೆ ಗೊತ್ತಾಗದೇ ಇದ್ದದ್ದು ಅದೊಂದೇ ಅಲ್ಲ. ನಲವತ್ತು ದಾಟಿದ ಮೇಲೆ ಹೊಸಬರ ಬಿಳಿ ಪಟ್ಟಿ ಸೊಂಟಕ್ಕೆ ಕಟ್ಟಿಕೊಂಡವನು ಅವನು. ಮಗಳನ್ನು ಮಕ್ಕಳ ತರಗತಿಗೆ ಬಿಡಲು ಬಂದು ಬೆಂಚಿನ ಮೇಲೆ ತೂಕಡಿಸುತ್ತಿದ್ದವನನ್ನು ಕೋಚ್ ಎಬ್ಬಿಸಿ ಮ್ಯಾಟಿಗೆ ಎಳೆದಿದ್ದರು. ಅಂದಿನಿಂದ ಇಂದಿನವರೆಗೂ, ಕೆಳಗೆ ಬಿದ್ದ ಮೇಲೆ ಯಾವ ಕೈ ತನ್ನದು, ಯಾವ ಕಾಲು ಇನ್ನೊಬ್ಬರದು ಎಂಬುದು ಅವನಿಗೆ ಸರಿಯಾಗಿ ತಿಳಿದಿರಲಿಲ್ಲ. ಎಲ್ಲ ತಂತಿಗೂ ಒಂದೇ ಬಣ್ಣ ಬಳಿದ ಕಂಟ್ರೋಲ್ ಪೆಟ್ಟಿಗೆಯೊಳಗೆ ತಲೆ ಹಾಕಿದ ಹಾಗಾಗುತ್ತಿತ್ತು. ಆ ಶನಿವಾರ ಬೆಳಿಗ್ಗೆ ಮೊದಲ ಸಲ ಒಂದು ಪಟ್ಟು ತಾನಾಗಿ ಕೂತಿತ್ತು. ಬೇಕರಿಯವನ ಬಲಗೈ ಕಣ್ಣೆದುರಿಗೇ ಬಂದಿತ್ತು, ಹಿಡಿದಿದ್ದ, ಕಾಲು ಹಾಕಿದ್ದ. ಖುಷಿಪಡುವಷ್ಟರಲ್ಲಿ ಚೀರಿದ ಸದ್ದು ಕೇಳಿತ್ತು.

"ನಾನು ನೋಡ್ದೆ ಕೋಚ್," ಎಂದ ಪೈಲ್ವಾನ. ಆ ಜಿಯು-ಜಿಟ್ಸು ಶಾಲೆಯ ಹೆಮ್ಮೆ ಅವನು, ಬೇಕರಿಯವನ ಹೆಂಡತಿಯ ತಮ್ಮ, ಅವರ ಮನೆಯಲ್ಲೇ ಇದ್ದವನು. ಮುಂದಿನ ವಾರ ದೊಡ್ಡ ಪಂದ್ಯಕ್ಕೆ ಹೊರಟಿದ್ದ. "ಪಕ್ಕದಲ್ಲೇ ಇದ್ನಲ್ಲ. ಭಾವ ಎಡಗೈಲಿ ನೆಲಕ್ಕೆ ಮೂರು ಸಲ ಜೋರಾಗಿ ತಟ್ಟಿದ್ರು."

ಲಿಫ್ಟಿನವನು ಎದ್ದು ನಿಲ್ಲಲು ಹೋದ, ಆಗಲಿಲ್ಲ. ಬೇಕರಿಯವನ ಎಡಮುಷ್ಟಿ ಅವನ ಪೈಜಾಮದ ಕಾಲನ್ನು ಇನ್ನೂ ಬಿಗಿಯಾಗಿ ಹಿಡಿದಿತ್ತು. ಅಲ್ಲೇ ಕಲಿಯುತ್ತಿದ್ದ ಗಣಿತದ ಟೀಚರ್ ಬಂದು ಒಂದೊಂದೇ ಬೆರಳು ಬಿಡಿಸಿದರು. ಪೈಲ್ವಾನನ ಜೋಡಿಯಾಗಿ ಆಡುತ್ತಿದ್ದವರು ಅವರೇ. ಆಟಕ್ಕೆ ಮುಂಚೆ ಬೇಕರಿಯವನ ಸೊಂಟದ ಪಟ್ಟಿಯನ್ನು ಬಿಗಿದು ಕಟ್ಟಿಕೊಟ್ಟವರೂ ಅವರೇ. "ಇಷ್ಟು ವರ್ಷ ಆದ್ರೂ ಗಂಟು ಹಾಕಕ್ಕೆ ಬರಲ್ವಾ ನಿಂಗೆ?" ಎಂದು ಆಗ ನಕ್ಕಿದ್ದರು. ಈಗ ನಗಲಿಲ್ಲ.

"ಸೋಮವಾರ ಸಂಜೆ ತೀರ್ಮಾನ ಹೇಳ್ತೀನಿ," ಎಂದರು ಕೋಚ್.

ಬೆಂಚಿನ ಮೇಲೆ ಇಬ್ಬರು ಇದನ್ನೆಲ್ಲ ನೋಡುತ್ತಿದ್ದರು. ಒಬ್ಬಳು ಲಿಫ್ಟಿನವನ ಮಗಳು. ಇನ್ನೊಬ್ಬರು ಅವನ ಅತ್ತಿಗೆ, ಅಣ್ಣನ ಹೆಂಡತಿ. ಅವನ ಮನೆಯ ಮಹಡಿಯ ಮೇಲೇ ಅವರ ವಾಸ. ವಿಮಾ ಕಂಪನಿಯಲ್ಲಿ ಅಪಘಾತಗಳ ಪರಿಶೀಲನೆ ಮಾಡಿ ನಿವೃತ್ತರಾದವರು. ಮುರಿದ ಕಾಲು, ಸುಟ್ಟ ಗೋದಾಮು, ಮುಳುಗಿದ ಕಾರು ಎಲ್ಲದರ ಹಿಂದೆ ಹೋಗಿ ನಿಜ ಯಾವುದು, ನಾಟಕ ಯಾವುದು ಎಂದು ಹೇಳುವುದೇ ಅವರ ಕೆಲಸವಾಗಿತ್ತು. ಕೆಲಸ ಬಿಟ್ಟ ಮೇಲೆ ಬೀದಿಯವರು ಏನೇ ಗೋಜಲಾದರೂ ಅವರ ಬಾಗಿಲಿಗೇ ಬರುತ್ತಿದ್ದರು. ಅವರು ಪದಬಂಧದ ಪುಟ ಮಡಿಸಿ ಚೀಲಕ್ಕೆ ಹಾಕಿಕೊಂಡರು.

ಮೂವರೂ ಮನೆಗೆ ಬಂದರು. ಚಪ್ಪಲಿ ಬಿಡುವಾಗ ಮಗಳು ಕೇಳಿದಳು, "ಅಪ್ಪ, ಅಂಕಲ್ ತಟ್ಟಿದ್ರಾ?"

"ಗೊತ್ತಿಲ್ಲ ಕಣೇ."

"ತಟ್ಟಿದ್ರೆ ಗೊತ್ತಾಗುತ್ತಲ್ವಾ?"

ಅವನು ಬಗ್ಗಿ ಚಪ್ಪಲಿಗಳನ್ನು ಗೋಡೆಗೆ ಜೋಡಿಸಿಟ್ಟ. ಶಾಲೆಯಿಂದ ಹೊರಹಾಕಿದರೆ ಹಾಕಲಿ. ಆದರೆ ನೋವಿನಲ್ಲಿ ಬೇಡಿಕೊಂಡವನ ಕೈಯನ್ನು ತಾನು ಮುರಿಯಲು ಹೊರಟಿದ್ದನೇ, ಇಲ್ಲವೇ? ಆ ಕೈಯಿಂದಲೇ ಹಿಟ್ಟು ನಾದಿ ಸಂಸಾರ ನಡೆಸುವವನು ಬೇಕರಿಯವನು. ಇದನ್ನು ತಿಳಿಯದೆ ಇನ್ನು ಮಗಳ ಕೈ ಹಿಡಿದು ರಸ್ತೆ ದಾಟಿಸುವುದು ಹೇಗೆ ಎಂದು ಅವನಿಗೆ ಹೊಳೆಯಲಿಲ್ಲ.

"ಕೂತ್ಕೋ ಇಲ್ಲಿ," ಎಂದರು ಅತ್ತಿಗೆ ಊಟದ ಮೇಜಿನ ಕಡೆ ಕೈ ತೋರಿಸಿ. "ಮೊದಲಿಂದ ಹೇಳು. ಏನು ನೆನಪಿದೆಯೋ ಅದು ಮಾತ್ರ."

"ಏನು ನೆನಪಿದೆ ಅಂತ ಹೇಳ್ಲಿ ಅತ್ತಿಗೆ. ಅವನ ಕೈ ನನ್ನ ಮೂಗಿನ ಹತ್ರ ಇತ್ತು. ಎಂಥದೋ ನೋವಿನ ಮುಲಾಮು ಬಳಿದಿದ್ದ, ಕಣ್ಣಲ್ಲಿ ನೀರು ಬಂತು. ಅದಕ್ಕೇ ಇರಬೇಕು ಏನೂ ಸರಿಯಾಗಿ ಕಾಣ್ಲಿಲ್ಲ."

"ಎಷ್ಟು ಜೋರಾಗಿ ಎಳೆದೆ?"

"ಎಳೀಲೇ ಇಲ್ಲ ಅನ್ಸುತ್ತೆ. ಸೊಂಟ ಎತ್ತಬೇಕು ಅಂತ ಕೋಚ್ ಹೇಳಿದ್ರು. ಸೊಂಟ ಎಲ್ಲಿದೆ ಅಂತ ಹುಡುಕ್ತಾ ಇದ್ದೆ."

ಅತ್ತಿಗೆ ಅವನ ಪೈಜಾಮ ತರಿಸಿಕೊಂಡು ನೋಡಿದರು. ಮೀನಖಂಡದ ಬಳಿ ಬಟ್ಟೆ ಇನ್ನೂ ಮುದುಡಿ ಸುರುಳಿಯಾಗಿತ್ತು, ಹೊಲಿಗೆ ಕಿತ್ತಿತ್ತು. "ಹಗ್ಗ ಹಿಡಿದ ಹಾಗೆ ಹಿಡಿದಿದ್ದಾನೆ," ಎಂದು ಬದಿಗಿಟ್ಟರು. ಮೇಜಿನ ಮೇಲಿದ್ದ ಬ್ರೆಡ್ಡಿನ ಕಡೆ ಅವರ ಕಣ್ಣು ಹೋಯಿತು. ಬೇಕರಿಯವನ ಉದ್ದ ಬ್ರೆಡ್ಡು. ಒಲೆಗೆ ಇಡುವ ಮುಂಚೆ ಬ್ಲೇಡಿನಿಂದ ಮೇಲೆ ಓರೆಯಾಗಿ ಗೀಟು ಹಾಕುತ್ತಾರಲ್ಲ, ಅಂಥದ್ದು.

"ದೊಡ್ಡಮ್ಮ, ಇದರ ಗೀಟು ಉಲ್ಟಾ ಇದೆ," ಎಂದಳು ಮಗಳು. "ಯಾವಾಗಲೂ ಈ ಕಡೆ ವಾಲಿರುತ್ತೆ. ಇವತ್ತು ಆ ಕಡೆ."

"ಯಾವಾಗ ತಂದಿದ್ದು?"

"ನಿನ್ನೆ ಸಂಜೆ ನಾನೇ ತಂದೆ," ಎಂದ ಲಿಫ್ಟಿನವನು. "ಬ್ರೆಡ್ಡು ಬಿಡಿ ಅತ್ತಿಗೆ, ನನ್ನ ಕಥೆ ಏನಾಗುತ್ತೆ?"

"ನಿನ್ನ ಕಥೇನೇ ನೋಡ್ತಾ ಇದ್ದೀನಿ. ಸುಮ್ನಿರು."

ಭಾನುವಾರ ಅವರು ಅವನನ್ನು ಬೇಕರಿಗೆ ಕರೆದುಕೊಂಡು ಹೋದರು. ಒಳಗೆ ಹೋಗಲು ಅವನಿಗೆ ಮುಖವಿರಲಿಲ್ಲ. ಬಾಗಿಲ ಬಳಿ ಬಿಸ್ಕತ್ತಿನ ಡಬ್ಬಿಗಳನ್ನು ಎಣಿಸುವವನ ಹಾಗೆ ನಿಂತ. ಗಲ್ಲಾದಲ್ಲಿ ಬೇಕರಿಯವನ ಹೆಂಡತಿ ಇದ್ದಳು. ಅತ್ತಿಗೆ ಗಾಯದ ಸುದ್ದಿಯನ್ನೇ ಎತ್ತಲಿಲ್ಲ.

"ಬ್ರೆಡ್ಡಿಗೆ ಗೀಟು ಹಾಕೋದು ಯಾರಮ್ಮ?"

"ಅವರೇ. ಆ ಬ್ಲೇಡ್ ಬೇರೆ ಯಾರಿಗೂ ಮುಟ್ಟಕ್ಕೆ ಬಿಡಲ್ಲ. ನಂಗೇ ಬಿಡಲ್ಲ, ನೋಡಿ."

"ಶುಕ್ರವಾರಾನೂ?"

"ಶುಕ್ರವಾರಾನೂ. ಯಾಕೋ ಅವತ್ತು ಬೈಕೊಂಡು ಬೈಕೊಂಡು ಮಾಡಿದ್ರು. ಹಿಂದಿನ ದಿನ ರಾತ್ರಿಯಿಂದಲೇ ಮೂತಿ ಊದಿಸ್ಕೊಂಡಿದ್ರು. ತಮ್ಮನೂ ಹಾಗೇ. ಇಬ್ಬರೂ ಒಟ್ಟಿಗೆ ಬಂದ್ರು, ಒಬ್ಬರೂ ಮಾತಾಡ್ಲಿಲ್ಲ. ಕೇಳಿದ್ರೆ ಏನಿಲ್ಲ ಅಂತಾರೆ."

ಹೊರಗೆ ಬಂದ ಮೇಲೆ ಅತ್ತಿಗೆ ಕೇಳಿದರು, "ಗುರುವಾರ ನಿಮ್ಮ ಕೋಚ್ ಇರ್ತಾರಾ?"

"ಇರಲ್ಲ. ಗುರುವಾರ ರಜ. ಬೀಗದ ಕೈ ಪೈಲ್ವಾನನ ಹತ್ರ ಇರುತ್ತೆ. ಆದರೆ ಕೋಚ್ ಇಲ್ದೇ ಯಾರೂ ಆಡೋ ಹಾಗಿಲ್ಲ."

"ಹೂಂ," ಎಂದರು ಅತ್ತಿಗೆ. ಮನೆಯ ದಾರಿ ಹಿಡಿದರು. ಅವನ ತಲೆಯೊಳಗೆ ಬ್ರೆಡ್ಡು, ಪೈಜಾಮ, ಮುಲಾಮು, ಬೀಗದ ಕೈ ಎಲ್ಲ ಸೇರಿ ಕಲಸುಮೇಲೋಗರವಾಗಿತ್ತು.

ಸೋಮವಾರ ಸಂಜೆ ಎಲ್ಲರೂ ಮ್ಯಾಟಿನ ಸುತ್ತ ಕೂತರು. ಬೇಕರಿಯವನ ಕೈ ಜೋಲಿಯಲ್ಲಿತ್ತು. ಕೋಚ್ ಬಾಯಿ ತೆರೆಯುವ ಮುಂಚೆಯೇ ಅತ್ತಿಗೆ ಬೆಂಚಿನಿಂದ ಎದ್ದರು.

"ನಾನು ಎರಡು ಮಾತು ಕೇಳಬಹುದಾ?"

"ಕೇಳಿ. ಆದರೆ ಚಪ್ಪಲಿ ಬಿಟ್ಟು ಬನ್ನಿ."

ಅತ್ತಿಗೆ ಚಪ್ಪಲಿ ಬಿಟ್ಟು, ಮ್ಯಾಟಿನ ಅಂಚಿನಲ್ಲಿ ನಿಂತು ಪೈಲ್ವಾನನ ಕಡೆ ತಿರುಗಿದರು. "ನಿಮ್ಮ ಭಾವ ತಟ್ಟಿದ್ದು ನೋಡಿದೆ ಅಂದ್ಯಲ್ಲಪ್ಪ. ಯಾವ ಕೈಲಿ?"

"ಎಡಗೈ. ನೆಲಕ್ಕೆ."

"ಕಾಲಲ್ಲಿ ಅಲ್ಲ ತಾನೇ?"

"ಅಲ್ಲ. ಕೈಲೇ. ಕಣ್ಣಾರೆ ನೋಡಿದೀನಿ."

"ಟೀಚರ್, ಆ ಹೊತ್ತಲ್ಲಿ ಇವನು ಎಲ್ಲಿದ್ದ?"

ಟೀಚರ್ ಸ್ವಲ್ಪ ಸಂಕೋಚಪಟ್ಟರು. "ನನ್ನ ಕೆಳಗೆ. ನನ್ನ ಭುಜ ಇವನ ಮುಖದ ಮೇಲಿತ್ತು, ಪೂರ್ತಿ ಭಾರ ಹಾಕಿದ್ದೆ. ಇವನಿಗೆ ನನ್ನ ಅಂಗಿ ಬಿಟ್ಟು ಬೇರೇನೂ ಕಂಡಿರಕ್ಕೆ ಸಾಧ್ಯ ಇಲ್ಲ. ಚೀರಿದ ಮೇಲೇ ನಾನು ಎದ್ದಿದ್ದು."

ಯಾರೋ ಕಿಸಕ್ಕೆಂದರು. ಪೈಲ್ವಾನ ನಗಲಿಲ್ಲ.

"ಎಡಗೈ ಎಲ್ಲಿತ್ತು ಅಂತಾನೂ ಟೀಚರಿಗೆ ಗೊತ್ತು," ಎಂದರು ಅತ್ತಿಗೆ. "ನನ್ನ ಮೈದುನನ ಪೈಜಾಮದಿಂದ ಆ ಬೆರಳುಗಳನ್ನ ಅವರೇ ಬಿಡಿಸಿದ್ದು. ಹೊಲಿಗೆ ಕಿತ್ತು ಬರೋ ಹಾಗೆ ಹಿಡಿದಿದ್ದ ಕೈ ಅದು. ಬಿಡು ಅಂತ ತಟ್ಟೋ ಕೈ ಹಾಗೆ ಹಿಡ್ಕೊಂಡಿರಲ್ಲ. ನೋವು ಬರುತ್ತೆ ಅಂತ ಮೊದಲೇ ಗೊತ್ತಿದ್ದು, ಹಲ್ಲು ಕಚ್ಚಿ ಕಾಯ್ತಾ ಇದ್ದ ಕೈ ಹಾಗೆ ಹಿಡಿಯುತ್ತೆ."

"ಹಾಗಂದ್ರೆ?" ಎಂದರು ಕೋಚ್.

"ಮೊಣಕೈ ಶನಿವಾರಕ್ಕೆ ಮುಂಚೆಯೇ ಕೆಟ್ಟಿತ್ತು. ಆಟದ ಮಧ್ಯೆ ನನ್ನ ಮೈದುನನ ಮೂಗಿಗೆ ಮುಲಾಮಿನ ವಾಸನೆ ಬಡಿದಿದೆ. ನೋವಾಗೋ ಮುಂಚೆ ಯಾರು ಮುಲಾಮು ಬಳ್ಕೋತಾರೆ? ಸೊಂಟದ ಪಟ್ಟಿ ಬಿಗಿಯಕ್ಕೆ ಎರಡೂ ಕೈ ಎಳೀಬೇಕು. ಅವತ್ತು ಇವರು ಟೀಚರ್ ಹತ್ರ ಕಟ್ಟಿಸ್ಕೊಂಡ್ರು. ಇನ್ನು ಶುಕ್ರವಾರದ ಬ್ರೆಡ್ಡು. ಗೀಟು ಹಾಕೋರು ಇವರೊಬ್ಬರೇ, ಅವರ ಹೆಂಡತೀನೇ ಹೇಳಿದ್ದು. ಅವತ್ತಿನ ಗೀಟು ಮಾತ್ರ ಉಲ್ಟಾ ಕಡೆಗೆ ವಾಲಿತ್ತು, ಎಡಗೈಲಿ ಹಾಕಿದ್ದು. ಶುಕ್ರವಾರ ಬೆಳಿಗ್ಗೆ ಬಲಗೈ ಏಳ್ತಾ ಇರಲಿಲ್ಲ."

ಬೇಕರಿಯವನು ಮ್ಯಾಟನ್ನೇ ನೋಡುತ್ತಿದ್ದ.

"ಹಾಗಿದ್ರೆ ಮಾಡಿದ್ದು ಯಾರು? ಗುರುವಾರ ಕೋಚ್ ಇರಲ್ಲ, ಬೀಗದ ಕೈ ಒಬ್ಬನ ಹತ್ರ ಇರುತ್ತೆ. ಅವತ್ತು ರಾತ್ರಿ ಭಾವ ಭಾಮೈದ ಇಬ್ಬರೂ ಒಟ್ಟಿಗೆ ಮನೆಗೆ ಬಂದು ಮಾತಿಲ್ಲದೆ ಮಲಗಿದಾರೆ. ಹೊರಗಿನವರು ಕೈ ಉಳುಕಿಸಿದ್ರೆ ಇವರು ಬೀದಿಗೆಲ್ಲ ಕೇಳೋ ಹಾಗೆ ಬೈತಿದ್ರು. ಸುಮ್ಮನಿದ್ದು ಮುಚ್ಚಿಡೋದು ಮನೆಯವರಿಗೋಸ್ಕರ ಮಾತ್ರ. ಆದರೆ ಊದಿದ ಮೊಣಕೈನ ಎಷ್ಟು ದಿನ ಮುಚ್ಚಿಡ್ತೀರಿ? ಏನಾಯ್ತು ಅಂತ ಹೆಂಡತಿ ಕೇಳ್ತಾಳೆ, ಕೋಚ್ ಕೇಳ್ತಾರೆ. ಅದಕ್ಕೇ ಎಲ್ಲರ ಎದುರು, ತಟ್ಟಿದ್ರೂ ಬಿಡ್ಲಿಲ್ಲ ಅಂತ ಹೇಳೋ ಹಾಗೆ, ಇನ್ನೊಂದು ಸಲ ಗಾಯ ಆಗಬೇಕಿತ್ತು. ತಾನು ಏನು ಮಾಡಿದೆ ಅಂತ ತನಗೇ ಗೊತ್ತಿಲ್ಲದವನ ಕೈಲಿ."

ಎಲ್ಲರ ಕಣ್ಣೂ ಲಿಫ್ಟಿನವನ ಮೇಲೆ ಬಿತ್ತು. ಹೊಗಳಿದರೋ ತೆಗಳಿದರೋ ಎಂದು ತಿಳಿಯದೆ ಅವನು ತಲೆ ಕೆರೆದುಕೊಂಡ.

"ತಪ್ಪು ನಂದೇ ಕೋಚ್," ಎಂದ ಬೇಕರಿಯವನು. "ಗುರುವಾರ ಪಂದ್ಯಕ್ಕೆ ಅಭ್ಯಾಸ ಅಂತ ನಾನೇ ಬಾ ಅಂದೆ. ಚಿಕ್ಕವನ ಹತ್ರ ಸೋಲೋದಾ ಅಂತ ಹಟ ಮಾಡಿ ತಟ್ಟಲಿಲ್ಲ. ಇವನದೇನೂ ಇಲ್ಲ. ಪಂದ್ಯ ತಪ್ಪಿಸಬೇಡಿ."

ಕೋಚ್ ಪೈಲ್ವಾನನನ್ನು ನೋಡಿದರು. ಅವನು ತಲೆಯಾಡಿಸಿ ಹೂಂ ಎಂದರೆ ಮುಗಿದುಹೋಗುತ್ತಿತ್ತು.

"ಭಾವ ಸುಳ್ಳು ಹೇಳ್ತಿದಾರೆ," ಎಂದ ಅವನು ಕೊನೆಗೆ. "ತಟ್ಟಿದ್ರು. ನನ್ನ ಬೆನ್ನ ಮೇಲೆ, ಮೂರು ಸಲ. ಇನ್ನೊಂದು ಸ್ವಲ್ಪ ಅಂತ ಎಳೆದೆ."

ಕೋಚ್ ಅವನ ಬಳಿ ಹೋಗಿ, ಕೈ ಚಾಚಿದರು. ಪೈಲ್ವಾನ ಬೀಗದ ಕೈ ತೆಗೆದುಕೊಟ್ಟು, ಮ್ಯಾಟಿನಿಂದ ಇಳಿದು, ಚಪ್ಪಲಿ ಮೆಟ್ಟಿ ಹೊರಟ. ಬಾಗಿಲು ಮುಚ್ಚಿಕೊಂಡಿತು.

ಬೇಕರಿಯವನು ಲಿಫ್ಟಿನವನ ಪಕ್ಕ ಬಂದು ಕೂತ. "ನಿನ್ನ ಮುಖ ನೋಡಕ್ಕೆ ಆಗ್ತಿಲ್ಲ ಮಾರಾಯ. ಮನೆ ಉಳಿಸಕ್ಕೆ ಹೋಗಿ ನಿನ್ನ ಬಲಿ ಕೊಡ್ತಿದ್ದೆ."

"ಅದಿರಲಿ. ಆ ಪಟ್ಟು, ಅದೂ ನೀನೇ ಕೈ ತಂದು ಇಟ್ಟಿದ್ದಾ?"

"ಹೂಂ."

"ನಂದು ಸ್ವಲ್ಪಾನೂ ಇಲ್ವಾ?"

ಬೇಕರಿಯವನು ಯೋಚಿಸಿದ. "ಕಾಲು ಹಾಕಿದ್ದು ನೀನೇ. ಅದೂ ತಪ್ಪು ಕಾಲು."

ಕೋಚ್ ಅಭ್ಯಾಸ ಶುರು ಮಾಡಿಸಿದರು. ಎಲ್ಲರೂ ಜೋಡಿಯಾದರು. ಲಿಫ್ಟಿನವನು ಮಾತ್ರ ಅಂಚಿನಲ್ಲೇ ನಿಂತ. ತಪ್ಪು ತನ್ನದಲ್ಲ ಎಂದು ಎಲ್ಲರೂ ಒಪ್ಪಿದ್ದರು, ತಲೆಯೂ ಒಪ್ಪಿತ್ತು. ಎರಡು ಕೈಗಳು ಮಾತ್ರ ಒಪ್ಪಿರಲಿಲ್ಲ. ಆಗ ಮಗಳು ಬೆಂಚಿನಿಂದ ಇಳಿದು ಬಂದು ಅವನೆದುರು ಅಂಗಾತ ಮಲಗಿದಳು. ಬಲಗೈ ಎತ್ತಿ ಹಿಡಿದಳು.

"ಹಿಡಿ ಅಪ್ಪ."

"ಬೇಡ ಕಣೇ."

"ಹಿಡಿ ಅಂದ್ನಲ್ಲ. ಎಲ್ಲಾ ನೋಡ್ತಿದಾರೆ, ಬೇಗ."

ಅವನು ಕೂತು, ಕಾಲು ಹಾಕಿ, ಆ ಪುಟ್ಟ ಮಣಿಕಟ್ಟನ್ನು ಎರಡೂ ಕೈಯಲ್ಲಿ ಹಿಡಿದ. ನಿಧಾನವಾಗಿ ಹಿಂದಕ್ಕೆ ಒರಗಿದ. ಸೊಂಟ ಎಲ್ಲಿದೆ ಎಂದು ಈ ಸಲ ಹುಡುಕಬೇಕಾಗಲಿಲ್ಲ. ಮೊಣಕೈ ನೆಟ್ಟಗಾಗುತ್ತ ಬಂದಾಗ ತಟ್ಟನೆ ಎರಡೂ ಕೈ ಬಿಟ್ಟುಬಿಟ್ಟ.

ಮಗಳು ತಲೆ ಎತ್ತಿ ಅವನನ್ನು ದುರುಗುಟ್ಟಿ ನೋಡಿದಳು.

"ಇನ್ನೂ ತಟ್ಟೇ ಇಲ್ಲ. ಯಾಕೆ ಬಿಟ್ಟೆ?"